ಡಬ್ಬದ ಮೇಲಿನ ‘1 ಎಂಎಸ್’ ನೋಡಿ ಮಾನಿಟರ್ ತಗೋಬೇಡಿ

ಹೋದ ತಿಂಗಳು ಹದಿನೆಂಟು ಸಾವಿರ ಕೊಟ್ಟು 27 ಇಂಚಿನ ಮಾನಿಟರ್ ತಂದೆ. ವಿಎ ಪ್ಯಾನೆಲ್ (ಎಲ್‌ಸಿಡಿಯ ಒಂದು ಬಗೆ), 144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಾಗುತ್ತದೆ), ಡಬ್ಬದ ಮೇಲೆ ದಪ್ಪಗೆ ‘1 ಎಂಎಸ್’. ಪಿಕ್ಸೆಲ್ ಬಣ್ಣ ಬದಲಿಸಲು ಒಂದೇ ಮಿಲಿಸೆಕೆಂಡ್ ಸಾಕು ಅಂದುಕೊಂಡೆ. "ಬ್ಲರ್ ಅನ್ನೋದೇ ಇರಲ್ಲ ಸಾರ್" ಅಂದ ಅಂಗಡಿ ಹುಡುಗ. ನಂಬಿದೆ.

ಮನೆಗೆ ತಂದು ಡಾರ್ಕ್ ಮೋಡ್‌ನಲ್ಲಿ ಕನ್ನಡ ಪುಟವೊಂದನ್ನು ಸ್ಕ್ರೋಲ್ ಮಾಡಿದೆ. ಬೂದು ಅಕ್ಷರಗಳು ಮಂಕಾಗಿ, ಒತ್ತಕ್ಷರಗಳೆಲ್ಲ ಕಲಸಿಹೋದವು. ‘ಕ್ಕ’ ಯಾವುದು, ‘ಕ್ತ’ ಯಾವುದು ಗೊತ್ತಾಗಲಿಲ್ಲ. ವಿಎ ಪ್ಯಾನೆಲ್‌ನಲ್ಲಿ ಕಪ್ಪಿನಿಂದ ಕಡು ಬೂದಿಗೆ ಬದಲಾಗುವುದೇ ನಿಧಾನ ಅಂತ ಆಮೇಲೆ ತಿಳಿಯಿತು.

ಸರಿ, ಅಳತೆ ಮಾಡೇಬಿಡೋಣ ಅಂತ ಟೆಸ್ಟ್‌ಯುಎಫ್‌ಒ ಅನ್ನೋ ಮಾನಿಟರ್ ಪರೀಕ್ಷೆಯ ವೆಬ್‌ಸೈಟ್ ಹಾಕಿದೆ. ಸೆಕೆಂಡಿಗೆ 960 ಪಿಕ್ಸೆಲ್ ವೇಗದಲ್ಲಿ ಹಾರುವ ತಟ್ಟೆ. ಮೊದಲು ಫೋನನ್ನು ಅಲುಗಾಡದ ಹಾಗೆ ಹಿಡಿದು ಫೋಟೊ ತೆಗೆದೆ. ಅದು ದಂಡ. ಎಲ್‌ಸಿಡಿಯಲ್ಲಿ ಒಂದೊಂದು ಫ್ರೇಮ್ ಕೂಡ ಮುಂದಿನದು ಬರುವ ತನಕ ನಿಂತೇ ಇರುತ್ತದೆ, ನಮ್ಮ ಕಣ್ಣು ಮಾತ್ರ ತಟ್ಟೆಯ ಜೊತೆ ಸಾಗುತ್ತಿರುತ್ತದೆ. ಮಸುಕು ಹುಟ್ಟುವುದು ಅಲ್ಲಿ. ಆ ವೇಗದಲ್ಲಿ 60 ಹರ್ಟ್ಸ್‌ಗೆ 16 ಪಿಕ್ಸೆಲ್‌ನಷ್ಟು ಮಸುಕು, 144ಕ್ಕೆ ಹೆಚ್ಚುಕಡಿಮೆ 7. ಪಿಕ್ಸೆಲ್ ಎಷ್ಟೇ ಬೇಗ ಬಣ್ಣ ಬದಲಿಸಿದರೂ ಇಷ್ಟು ತಪ್ಪಿದ್ದಲ್ಲ. ಹಾಗಾಗಿ ಕ್ಯಾಮೆರಾನೂ ತಟ್ಟೆಯ ಜೊತೆಗೇ ಓಡಬೇಕು. ಇದಕ್ಕೆ ಪರ್ಸೂಟ್ ಕ್ಯಾಮೆರಾ ಅಂತಾರೆ. ಸ್ಟೀಲ್ ಸ್ಕೇಲ್‌ಗೆ ಫೋನ್ ಒತ್ತಿಕೊಂಡು ಜಾರಿಸಿ ಜಾರಿಸಿ, ತಟ್ಟೆಯ ಕೆಳಗಿನ ಏಣಿಯಂಥ ಗುರುತು ನೆಟ್ಟಗೆ ಬರುವಷ್ಟರಲ್ಲಿ ಸಂಜೆಯಾಗಿತ್ತು. ಕೊನೆಗೂ ಫೋಟೊದಲ್ಲಿ ಬಂದದ್ದು ತಟ್ಟೆಯ ಹಿಂದೆ ಕಣ್ಣಿಗೆ ಕಾಣುವ ಅದೇ ಮಸುಕಿನ ಬಾಲ.

ಆಮೇಲೆ ಡಬ್ಬವನ್ನು ಮತ್ತೆ ಓದಿದೆ. 1 ಎಂಎಸ್ ಪಕ್ಕ ಇರುವೆ ಗಾತ್ರದಲ್ಲಿ ‘ಎಂಪಿಆರ್‌ಟಿ’! ಪಿಕ್ಸೆಲ್ ಬದಲಾಗುವ ಸಮಯ ಅಲ್ಲವೇ ಅಲ್ಲ ಅದು. ಪರದೆಯ ಹಿಂದಿರುವ ದೀಪವನ್ನು ಪಟಪಟ ಆರಿಸಿ ಹೊತ್ತಿಸಿ ಬ್ಲರ್ ಇಳಿಸುವ ಮೋಡ್‌ನ ಲೆಕ್ಕ. ಆನ್ ಮಾಡಿದೆ. ಬ್ಲರ್ ಇಳಿದದ್ದು ನಿಜ, ಆದರೆ ಪರದೆ ಲೋ ವೋಲ್ಟೇಜ್ ಬಲ್ಬಿನ ಹಾಗೆ ಮಂಕಾಯಿತು. ಕಂಪ್ಯೂಟರ್ ಫ್ರೇಮ್ ಕಳಿಸುವ ವೇಗಕ್ಕೆ ಪರದೆ ಹೊಂದಿಕೊಳ್ಳುವ ಅಡಾಪ್ಟಿವ್ ಸಿಂಕ್ ಆಫ್ ಆಯಿತು. ಅರ್ಧ ಗಂಟೆಗೆ ತಲೆನೋವು. ಪಿಕ್ಸೆಲ್ ಬೇಗ ಬದಲಾಗುವಂತೆ ತಳ್ಳುವ ಓವರ್‌ಡ್ರೈವ್ ಜಾಸ್ತಿ ಮಾಡಿದರೆ ಕಪ್ಪು ಬಾಲದ ಬದಲು ಬಿಳಿ ಬಾಲ.

ಇನ್ನು ‘ಜಿಟಿಜಿ 1 ಎಂಎಸ್’ (ಒಂದು ಬೂದು ಬಣ್ಣದಿಂದ ಇನ್ನೊಂದಕ್ಕೆ ಪಿಕ್ಸೆಲ್ ಬದಲಾಗುವ ಸಮಯ) ಅಂತ ಇದ್ದರೂ ಸುಮ್ನೆ ನಂಬಬೇಡಿ. ಸಾಮಾನ್ಯವಾಗಿ ಬದಲಾವಣೆಯ 10ರಿಂದ 90 ಶೇಕಡಾ ತನಕದ ಸಮಯವನ್ನಷ್ಟೇ ಅಳೆಯುತ್ತಾರೆ, ಅದರಲ್ಲೂ ಚೆನ್ನಾಗಿ ಬಂದದ್ದನ್ನೇ ಅಚ್ಚು ಹಾಕುತ್ತಾರೆ. ಪರ್ಸೂಟ್ ಕ್ಯಾಮೆರಾ ಫೋಟೊ ಇರುವ ರಿವ್ಯೂ ಹುಡುಕಿ. ಆಗದಿದ್ದರೆ ಅಂಗಡಿಯಲ್ಲೇ ಡಾರ್ಕ್ ಮೋಡ್ ಹಾಕಿಸಿ, ಸ್ಕ್ರೋಲ್ ಮಾಡಿ ನೋಡಿ.

ವಾಪಸ್ ಕೊಡಲು ಹೋದರೆ, "ಕೆಟ್ಟಿಲ್ವಲ್ಲ ಸಾರ್, ಆನ್ ಆಗ್ತಿದೆ" ಅಂದರು. ಈಗ ಅದರಲ್ಲಿ ಅಮ್ಮ ಧಾರಾವಾಹಿ ನೋಡುತ್ತಾರೆ. ಅಲ್ಲಿ ಯಾರೂ ಅಷ್ಟು ಜೋರಾಗಿ ಓಡಲ್ಲ.