ಕಾಫಿ ತೋಟದ ನೆರಳಿಗೆ ಕ್ಯಾನನ್ ಆರ್50: ಬಾಡಿ ಸಾಕು, ಕಿಟ್ ಲೆನ್ಸ್ ಸಾಲದು

ಕ್ಯಾನನ್ 2023ರಲ್ಲಿ ಹೊರತಂದ ಇಒಎಸ್ ಆರ್50 ಎಂಬ ಪುಟ್ಟ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾ ಕೊಡಗಿನಲ್ಲಿದ್ದು ಮೊದಲ ಸಲ ಕ್ಯಾಮೆರಾ ಕೊಳ್ಳುವವರಿಗೆ ತಕ್ಕದ್ದೇ ಎಂದು ಕೇಳಿದರೆ, ಬಾಡಿಯ, ಎಂದರೆ ಲೆನ್ಸ್ ಬಿಟ್ಟ ಕ್ಯಾಮೆರಾದ, ಮಟ್ಟಿಗೆ ನನ್ನ ಉತ್ತರ ಹೌದು. ಅದರ ಜೊತೆಗೇ ಮಾರುವ 18-45 ಎಂಎಂ ಕಿಟ್ ಲೆನ್ಸಿನ ಬಗ್ಗೆ ಅಷ್ಟು ಸುಲಭವಾಗಿ ಹೌದೆನ್ನಲಾರೆ. ಅಂಗಡಿಯಲ್ಲಿ ಮಾತೆಲ್ಲ ಬಾಡಿಯ ಸುತ್ತಲೇ ನಡೆಯುತ್ತದೆ. ನಮ್ಮ ಜಿಲ್ಲೆಯ ಬೆಳಕನ್ನು ಬಲ್ಲವರು ಮೊದಲು ಲೆನ್ಸಿನ ಲೆಕ್ಕ ಹಾಕಬೇಕು.

ಬಾಡಿಯ ವಿಷಯ ಬೇಗ ಮುಗಿಯುತ್ತದೆ. ಬ್ಯಾಟರಿ ಮತ್ತು ಕಾರ್ಡ್ ಸೇರಿ ಸುಮಾರು 375 ಗ್ರಾಂ ತೂಗುವ ಇದರಲ್ಲಿ 24.2 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ ಎಂಬ ಮಧ್ಯಮ ಅಳತೆಯ ಸೆನ್ಸರ್, ಕಣ್ಣಿಗಿಟ್ಟು ನೋಡುವ ವ್ಯೂಫೈಂಡರ್, ತಿರುಗಿಸಬಲ್ಲ ಟಚ್ ಪರದೆ ಇವೆ. ಮನುಷ್ಯರು, ಪ್ರಾಣಿ ಪಕ್ಷಿಗಳು ಹಾಗೂ ವಾಹನಗಳನ್ನು ತಾನೇ ಗುರುತಿಸಿ ಹಿಂಬಾಲಿಸುವ ಫೋಕಸ್ ವ್ಯವಸ್ಥೆ ಈ ದರ್ಜೆಯ ಕ್ಯಾಮೆರಾಕ್ಕೆ ನಿಜಕ್ಕೂ ದೊಡ್ಡ ಕೊಡುಗೆ. ಇನ್ನೂ ಅಗ್ಗದ ಆರ್100ರಲ್ಲಿ ಪರದೆ ತಿರುಗುವುದೂ ಇಲ್ಲ, ಮುಟ್ಟಿದರೆ ಸ್ಪಂದಿಸುವುದೂ ಇಲ್ಲ. ಆ ಉಳಿತಾಯ ನನಗೆ ಸರಿ ಕಾಣಲಿಲ್ಲ. ಒಂದು ಮೆಟ್ಟಿಲು ಮೇಲಿನ ಆರ್10ರಲ್ಲಿ ಎರಡು ಡಯಲ್‌ಗಳೂ ಫೋಕಸ್ ಬಿಂದುವನ್ನು ಸರಿಸುವ ಜಾಯ್‌ಸ್ಟಿಕ್ಕೂ ಇದ್ದು, ಹಕ್ಕಿಗಳ ಹಿಂದೆಯೇ ಬೀಳುವವರು ಅದನ್ನು ಪರಿಗಣಿಸಬಹುದು.

ಇನ್ನು ಬೆಳಕಿನ ಮಾತು. ಕೊಡಗಿನ ಕಾಫಿ ಬೆಳೆಯುವುದು ನೆರಳಿನಲ್ಲಿ. ಸಿಲ್ವರ್ ಓಕ್, ಅತ್ತಿ, ಹಲಸು, ಕಾಡುಮರಗಳ ಕೆಳಗೆ, ಮರ ಕಪಾತು ಮಾಡಿಸಿದ ತೋಟದಲ್ಲಿಯೂ, ಕಣ್ಣಿಗೆ ಸಾಕೆನಿಸುವ ಬೆಳಕು ಕ್ಯಾಮೆರಾಕ್ಕೆ ಸಾಲದು. ಮಳೆಗಾಲದ ಮಧ್ಯಾಹ್ನಗಳಂತೂ ಸಂಜೆಯಂತೆಯೇ ಇರುತ್ತವೆ. ಲೆನ್ಸ್ ಎಷ್ಟು ತೆರೆಯುತ್ತದೆ ಎಂಬುದನ್ನು ಎಫ್ ಸಂಖ್ಯೆ ಹೇಳುತ್ತದೆ, ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಹೆಚ್ಚು. ಕಿಟ್ ಲೆನ್ಸ್ ಅಗಲ ನೋಟದ 18 ಎಂಎಂನಲ್ಲಿ ಎಫ್ 4.5ರಷ್ಟು ತೆರೆಯುತ್ತದೆ, ಹತ್ತಿರದ ನೋಟದ 45 ಎಂಎಂಗೆ ಬರುವಾಗ ಎಫ್ 6.3ಕ್ಕೆ ಇಳಿಯುತ್ತದೆ. ಎಫ್ 1.8ರ 50 ಎಂಎಂ ಲೆನ್ಸ್ ಅದಕ್ಕಿಂತ ಸುಮಾರು ಹನ್ನೆರಡು ಪಟ್ಟು ಹೆಚ್ಚು ಬೆಳಕನ್ನು ಒಳಬಿಡುತ್ತದೆ. ಎಂದರೆ, ಕಿಟ್ ಲೆನ್ಸಿನಲ್ಲಿ ಸೆಕೆಂಡಿನ 30ನೇ ಒಂದು ಭಾಗದ ಶಟರ್ ಬೇಕಾಗುವಲ್ಲಿ, ಅದೇ ಐಎಸ್‌ಒದಲ್ಲಿ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ, ಏರಿಸಿದಷ್ಟೂ ಚಿತ್ರ ಕಾಳುಕಾಳಾಗುತ್ತದೆ) ಇದು 350ನೇ ಒಂದು ಭಾಗದ ಆಸುಪಾಸಿನಲ್ಲಿ ಕೆಲಸ ಮುಗಿಸುತ್ತದೆ. ಶಟರನ್ನು ಬದಲಿಸದೆ ಐಎಸ್‌ಒ ಇಳಿಸಿಕೊಂಡರೆ 6400ರ ಬದಲು 500ರ ಸುಮಾರಿಗೆ ಬರಬಹುದು. ಚಿತ್ರದಲ್ಲಿ ಕಾಣುವ ಈ ವ್ಯತ್ಯಾಸ ಬಾಡಿ ಬದಲಿಸಿದರೆ ಸಿಗುವಂಥದ್ದಲ್ಲ.

ಕಿಟ್ ಲೆನ್ಸಿನಲ್ಲಿ ಕೈನಡುಕ ತಡೆಯುವ ವ್ಯವಸ್ಥೆ ಇದೆಯಲ್ಲ ಎಂದು ಮಾರುವವರು ಹೇಳುತ್ತಾರೆ, ಅದು ಸುಳ್ಳಲ್ಲ. ಆದರೆ ಅದು ತಡೆಯುವುದು ಹಿಡಿದವರ ಕೈಯ ನಡುಕವನ್ನು ಮಾತ್ರ. ಮದುವೆ ಮನೆಯಲ್ಲಿ ವಾಲಗಕ್ಕೆ ಕುಣಿಯುವವರ ಕಾಲನ್ನೋ, ಸುಗ್ಗಿಹಬ್ಬ ಪುತ್ತರಿಯ ರಾತ್ರಿ ಗದ್ದೆಯಲ್ಲಿ ಕದಿರು ಕೊಯ್ಯುವ ಕೈಯನ್ನೋ ಅದು ನಿಲ್ಲಿಸಿಕೊಡುವುದಿಲ್ಲ. ಅಲ್ಲಿ ಬೇಕಾದದ್ದು ಶಟರ್ ವೇಗ, ಅದು ಬರುವುದು ಅಗಲವಾಗಿ ತೆರೆಯುವ ಲೆನ್ಸಿನಿಂದ.

ಆರ್‌ಎಫ್ 50 ಎಂಎಂ ಎಫ್ 1.8 ಸುಮಾರು 160 ಗ್ರಾಂ ತೂಗುತ್ತದೆ, ಕ್ಯಾನನ್‌ನ ಅಗ್ಗದ ಲೆನ್ಸುಗಳಲ್ಲಿ ಒಂದು. ಕುಪ್ಯ (ಕೊಡವರ ಸಾಂಪ್ರದಾಯಿಕ ನಿಲುವಂಗಿ) ತೊಟ್ಟ ಹಿರಿಯರ ಮುಖಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ಸಂಗಾತಿ ಈ ಬೆಲೆಗೆ ಸಿಗದು. ಅದರ ತೊಡಕು ಬೇರೆ: ಈ ಸೆನ್ಸರಿನ ಮೇಲೆ 50 ಎಂಎಂ ಎಂಬುದು ಫುಲ್ ಫ್ರೇಮ್ ಎಂಬ ದೊಡ್ಡ ಸೆನ್ಸರಿನ ಮೇಲಿನ 80 ಎಂಎಂಗೆ ಸಮ, ಎಂದರೆ ನೋಟ ಕಿರಿದಾಗುತ್ತದೆ. ಐನ್‌ಮನೆಯ (ಮನೆತನದ ಮೂಲ ಮನೆ) ಒಳಗೆ, ತೂಕ್‌ಬೊಳಕಿನ (ತೂಗುದೀಪ) ಮುಂದೆ ನಿಂತ ಇಡೀ ಕುಟುಂಬವನ್ನು ಚೌಕಟ್ಟಿಗೆ ಸೇರಿಸಬೇಕಾದರೆ ಹಿಂದಕ್ಕೆ ಹೋಗಲು ಗೋಡೆ ಬಿಡುವುದಿಲ್ಲ. ಆದ್ದರಿಂದ ಒಂದೇ ಲೆನ್ಸ್ ಕೊಳ್ಳುವವರಿಗೆ ನಾನು ಸೂಚಿಸುವುದು ಸಿಗ್ಮಾದ 18-50 ಎಂಎಂ ಎಫ್ 2.8. ಇದು ಆರ್‌ಎಫ್ ಮೌಂಟಿಗೆ, ಎಂದರೆ ಕ್ಯಾನನ್ ಮಿರರ್‌ಲೆಸ್‌ಗಳಲ್ಲಿ ಲೆನ್ಸ್ ಕೂರುವ ಜೋಡಣೆಗೆ, ಬಂದದ್ದು 2024ರಲ್ಲಿ. ಉದ್ದದ ತುದಿಯಲ್ಲಿ ಕಿಟ್ ಲೆನ್ಸಿಗಿಂತ ಐದು ಪಟ್ಟು ಬೆಳಕು ಬಿಟ್ಟುಕೊಂಡೂ 300 ಗ್ರಾಂ ಸುತ್ತಲೇ ತೂಗುತ್ತದೆ. ಕೈನಡುಕ ತಡೆಯುವ ವ್ಯವಸ್ಥೆ ಈ ಲೆನ್ಸಿನಲ್ಲೂ ಇಲ್ಲ, ಆರ್50 ಬಾಡಿಯಲ್ಲೂ ಇಲ್ಲ. ನಡೆಯುತ್ತಾ ವಿಡಿಯೊ ಮಾಡುವವರು ಇದನ್ನು ತಿಳಿದೇ ಕೊಳ್ಳಬೇಕು.

ಉದ್ದನೆಯ ಲೆನ್ಸಿನ ವಿಷಯದಲ್ಲಿ ನನಗೆ ಪೂರ್ತಿ ಸಮಾಧಾನವಿಲ್ಲ. ಜೋಡಿ ಲೆನ್ಸಿನ ಕಿಟ್‌ನಲ್ಲಿ ಬರುವ 55-210 ಎಂಎಂ ತುದಿಯಲ್ಲಿ ಎಫ್ 7.1ಕ್ಕೆ ಕುಗ್ಗುತ್ತದೆ. ಕುಟ್ಟದ ಕಡೆಯ ನಾಣಚ್ಚಿ ಗೇಟಿನಿಂದ ನಾಗರಹೊಳೆಯ ಸಫಾರಿಗೆ ಬೆಳಿಗ್ಗೆ ಹೊರಟವರಿಗೆ ಮಂಜು ಕರಗುವ ತನಕ ಅದು ಹೆಚ್ಚು ನೆರವಾಗದು. 100-400 ಎಂಎಂ ಲೆನ್ಸ್ ಹಕ್ಕಿಗೆ ಬೇಕಾದ ದೂರ ಮುಟ್ಟುತ್ತದೆ, 635 ಗ್ರಾಂನಷ್ಟೇ ತೂಕ, ಆದರೆ 400ರಲ್ಲಿ ಎಫ್ 8. ತೆರೆದ ಗದ್ದೆ, ಕೆರೆಯಂಚು, ದುಬಾರೆಯ ಹೊಳೆದಡಗಳಲ್ಲಿ ಅದು ಚೆನ್ನ, ಮರದ ನೆರಳಲ್ಲಿ ಕೂತ ಹಕ್ಕಿಗೆ ಕಷ್ಟ. ಮನೆಯಲ್ಲಿ ಹಳೆಯ ಕ್ಯಾನನ್ ಡಿಎಸ್‌ಎಲ್‌ಆರ್ ಇದ್ದವರಿಗೆ ಇನ್ನೊಂದು ದಾರಿಯುಂಟು: ಇಎಫ್-ಎಸ್ 55-250 ಎಂಎಂ ಎಫ್ 4-5.6 ಲೆನ್ಸನ್ನು ಕ್ಯಾನನ್‌ನದೇ ಅಡಾಪ್ಟರ್ ಮೂಲಕ ಈ ಬಾಡಿಯ ಮೇಲೆ ಕೂರಿಸಬಹುದು, ಅದು 55-210ಕ್ಕಿಂತ ಉದ್ದವೂ ಹೌದು, ಹೆಚ್ಚು ತೆರೆಯುವುದೂ ಹೌದು. ಎಂ50 ಮುಂತಾದ ಹಳೆಯ ಮಿರರ್‌ಲೆಸ್‌ಗಳ ಇಎಫ್-ಎಂ ಲೆನ್ಸುಗಳು ಮಾತ್ರ ಇಲ್ಲಿ ಹೊಂದುವುದಿಲ್ಲ.

ಬೇರೆ ಕಂಪನಿಗಳನ್ನು ನೋಡುವವರೂ ಬಾಡಿಗಿಂತ ಮೌಂಟನ್ನು ನೋಡಬೇಕು. 2019ರ ನಿಕಾನ್ ಝಡ್50ರ 50-250 ಎಂಎಂ ಲೆನ್ಸ್ ತುದಿಯಲ್ಲೂ ಎಫ್ 6.3ರಲ್ಲಿ ನಿಲ್ಲುತ್ತದೆ, ಅದರ ಬಾಡಿಯಲ್ಲಿ ತುಂತುರು ತಡೆಯುವ ಮುಚ್ಚಿಗೆಯೂ ಇದೆ. ಹಕ್ಕಿಯನ್ನು ಗುರುತಿಸುವ ಶಕ್ತಿ ಬಂದದ್ದು 2024ರ ಎರಡನೇ ಆವೃತ್ತಿಯಲ್ಲಿ. ಸೋನಿಯ ಇ ಮೌಂಟ್ 2010ರಿಂದ ಇರುವುದರಿಂದ ಸೆಕೆಂಡ್ ಹ್ಯಾಂಡ್ ಲೆನ್ಸುಗಳ ಆಯ್ಕೆ ಅಲ್ಲಿಯೇ ವಿಶಾಲ. ಸೋನಿಯ ಝಡ್‌ವಿ-ಇ10 ಕ್ಯಾಮೆರಾದಲ್ಲಿ ವ್ಯೂಫೈಂಡರ್ ಇಲ್ಲವೆಂಬುದನ್ನು ಬಿಸಿಲಲ್ಲಿ ಚಿತ್ರ ತೆಗೆಯುವವರು ಮರೆಯಬಾರದು.

ಆರ್50ಕ್ಕೆ ಮಳೆ ತಡೆಯುವ ಮುಚ್ಚಿಗೆ ಇಲ್ಲ, ಹಳೆಯ ಫ್ಲ್ಯಾಶ್ ಜೋಡಿಸಲು ಪ್ರತ್ಯೇಕ ಅಡಾಪ್ಟರ್ ಬೇಕು. ಎರಡನೆಯದನ್ನು ಸಹಿಸಬಹುದು. ಮೊದಲನೆಯದಕ್ಕೆ ಕೊಡೆಯೋ ಪ್ಲಾಸ್ಟಿಕ್ ಹೊದಿಕೆಯೋ ಇದ್ದರೂ, ಮಳೆ ಜೋರಾಗಿರುವ ಕಕ್ಕಡ ಮಾಸದ ತೇವ ಬೀರುವಿನೊಳಗೂ ಬರುತ್ತದೆ, ಲೆನ್ಸಿನ ಗಾಜಿಗೆ ಬೂಷ್ಟು ಹಿಡಿಯುವುದು ಅಲ್ಲಿಯೇ. ಆದ್ದರಿಂದ ಕ್ಯಾಮೆರಾದ ಖರ್ಚಿನಲ್ಲಿಯೇ ತೇವಾಂಶವನ್ನು ಶೇ. 40ರಿಂದ 50ರೊಳಗೆ ಇರಿಸುವ ಒಂದು ಸಣ್ಣ ಡ್ರೈ ಕ್ಯಾಬಿನೆಟ್ಟನ್ನೂ ಸೇರಿಸಿಕೊಳ್ಳುವುದು ಲೇಸು. ಅಷ್ಟು ಆಗದಿದ್ದರೆ ಬಿಗಿ ಮುಚ್ಚಳದ ಡಬ್ಬಿ ಮತ್ತು ಸಿಲಿಕಾ ಜೆಲ್ ಸಾಕು, ಬಣ್ಣ ಬದಲಾದಾಗ ಒಣಗಿಸುತ್ತಿರಬೇಕು. ಚರ್ಮದ ಚೀಲದಲ್ಲಿ ಮಾತ್ರ ಮಳೆಗಾಲವಿಡೀ ಇಡಬಾರದು. ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಳ್ಳುವವರು ಎರಡೂ ಮುಚ್ಚಳ ತೆಗೆದು, ಒಂದು ಕಡೆಯಿಂದ ಟಾರ್ಚ್ ಹಾಯಿಸಿ ಇನ್ನೊಂದು ಕಡೆಯಿಂದ ಓರೆಯಾಗಿ ನೋಡಬೇಕು. ಜೇಡನ ಬಲೆಯಂಥ ಎಳೆಗಳು ಕಂಡರೆ, ಬೆಲೆ ಎಷ್ಟೇ ಇಳಿಸಿದರೂ ಬೇಡವೆನ್ನಬೇಕು.