ಗೋಡೆಯಿದ್ದ ಮನೆ, ಗೋಡೆಯಿಲ್ಲದ ಮನೆ: ಫಿಜಿಯ ಹಳ್ಳಿಯೋ, ಸಮೋವಾದ ಫಾಲೆಯೋ?

ಫಿಜಿಯಲ್ಲಿ ನನ್ನ ಮೊದಲ ಖರ್ಚು ಬೇರಿಗಾಯಿತು. ನಾಂದಿ ಪಟ್ಟಣದ ಮಾರ್ಕೆಟ್ಟಿನಲ್ಲಿ ಅರ್ಧ ಕಿಲೋ ಯಂಗೋನಾ ಬೇರನ್ನು, ಅಂದರೆ ಪುಡಿ ಮಾಡಿ ನೀರಿಗೆ ಬೆರೆಸಿ ಕುಡಿಯುವ ಕಾವಾ ಬೇರನ್ನು, ಕಾಗದದಲ್ಲಿ ಸುತ್ತಿಸಿಕೊಂಡೆ. ಅಗ್ಗದ ಕಾಂಡವೂ ಪಕ್ಕದಲ್ಲೇ ಇರುತ್ತದೆ, ನೋಡಿ ಕೊಳ್ಳಬೇಕು. ಯಸಾವಾ ದ್ವೀಪಸಾಲಿನ ಹಳ್ಳಿಯಲ್ಲಿ ಉಳಿಯುವವರು ಈ ಕಟ್ಟನ್ನು ಊರಿನ ಮುಖ್ಯಸ್ಥನ ಮುಂದಿಟ್ಟು ಒಪ್ಪಿಗೆ ಕೇಳಬೇಕು. ಅದೇ ಸೆವುಸೆವು. ಪೆಸಿಫಿಕ್ ಸಾಗರದ ಇನ್ನೊಂದು ದ್ವೀಪದೇಶವಾದ ಸಮೋವಾದ ಸವಾಯಿ ದ್ವೀಪದಲ್ಲಿ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಮನಾಸೆಯಲ್ಲಿ ಬಸ್ಸಿಳಿದು, ಕಡಲಂಚಿನ ಫಾಲೆ ಎಂಬ ತೆರೆದ ಗುಡಿಸಲುಗಳಲ್ಲಿ ಒಂದನ್ನು ಬೆರಳು ಮಾಡಿ ತೋರಿಸಿದೆ. ಮನೆಯೊಡತಿ ತಲೆಯಾಡಿಸಿದಳು, ಮುಗಿಯಿತು.

ಎರಡೂ ಕಡೆ ಐದೈದು ರಾತ್ರಿ ಇದ್ದೆ.

ಪಯಣದ ಮಾತು ಬೇಗ ಮುಗಿಸುತ್ತೇನೆ. ಫಿಜಿಯಲ್ಲಿ ದೆನಾರೌ ಬಂದರಿನಿಂದ ಬೆಳಿಗ್ಗೆ ಹೊರಡುವ ಹಳದಿ ಕ್ಯಾಟಮರಾನ್ ದ್ವೀಪದಿಂದ ದ್ವೀಪಕ್ಕೆ ಸಾಗುತ್ತದೆ. ನಿಮ್ಮ ಹಳ್ಳಿ ಬಂದಾಗ ಪುಟ್ಟ ದೋಣಿಯೊಂದು ಪಕ್ಕಕ್ಕೆ ತಾಗಿ ನಿಲ್ಲುತ್ತದೆ, ಚೀಲದ ಸಮೇತ ಅದಕ್ಕೆ ಇಳಿಯಬೇಕು. ಒಂದು ದಿನದ ಊಟ-ವಸತಿಗಿಂತ ಈ ಟಿಕೆಟ್ಟೇ ದುಬಾರಿ. ಸಮೋವಾದಲ್ಲಿ ಮುಲಿಫಾನುವಾದಿಂದ ಸಲೆಲೊಲೊಗಾಗೆ ಗಂಟೆ ಚಿಲ್ಲರೆಯ ಫೆರ್ರಿ, ಆಮೇಲೆ ಮರದ ಬೆಂಚಿನ ಬಸ್ಸು. ಸೀಟು ತುಂಬಿದರೆ ಒಬ್ಬರ ತೊಡೆಯ ಮೇಲೆ ಇನ್ನೊಬ್ಬರು ಕೂರುವುದು ಅಲ್ಲಿ ಮಾಮೂಲು. ನನ್ನ ತೊಡೆಗೆ ಸಿಕ್ಕಿದ್ದು ಒಬ್ಬ ಶಾಲಾ ಹುಡುಗ ಮತ್ತು ಅವನ ಗೆಣಸಿನ ಮೂಟೆ. ಖರ್ಚಿನಲ್ಲಿ ಸಮೋವಾ ಗೆದ್ದಿತು.

ಉಳಿಯುವ ವಿಷಯಕ್ಕೆ ಬಂದರೆ ಲೆಕ್ಕ ಇಷ್ಟು ಸಲೀಸಲ್ಲ.

ಯಸಾವಾ ಸಾಲಿನಲ್ಲಿ ಪ್ರವಾಸಿಗರು ತಂಗಲು 1987ರವರೆಗೂ ಸರ್ಕಾರ ಬಿಡುತ್ತಿರಲಿಲ್ಲ. ಈಗಲೂ ಹಳ್ಳಿ ಹಳ್ಳಿಯಾಗಿಯೇ ಇದೆ. ಅಲ್ಲಿ ಟೋಪಿ ಹಾಕುವಂತಿಲ್ಲ, ಭುಜ ಬಿಡುವಂತಿಲ್ಲ, ಯಾರ ತಲೆಯನ್ನೂ ಮುಟ್ಟುವಂತಿಲ್ಲ. ಮೊದಲ ದಿನವೇ ಬಿಸಿಲೆಂದು ಟೋಪಿ ಏರಿಸಿ ಹೊರಟೆ. ಒಬ್ಬ ಅಜ್ಜಿ ಏನೂ ಅನ್ನದೆ ತನ್ನ ತಲೆಯನ್ನೇ ತಟ್ಟಿ ತೋರಿಸಿದಳು. ಸಂಜೆ ಚಾಪೆಯ ಮೇಲೆ ಕುಳಿತು, ತಾನೋವಾ ಎಂಬ ಮರದ ಬಟ್ಟಲಿನಿಂದ ತೆಂಗಿನ ಚಿಪ್ಪಿನಲ್ಲಿ ಮೊಗೆದು ಕೊಟ್ಟ ಯಂಗೋನಾವನ್ನು ಒಂದು ಚಪ್ಪಾಳೆ ತಟ್ಟಿ, ಒಂದೇ ಗುಟುಕಿಗೆ ಕುಡಿದು, ಮತ್ತೆ ಮೂರು ಚಪ್ಪಾಳೆ ತಟ್ಟಿದೆ. ರುಚಿ ಕೆಸರುನೀರಿನದು, ನಾಲಿಗೆ ಜೋಮು ಹಿಡಿಯಿತು. ಹದಿನಾಲ್ಕನೆಯ ಚಿಪ್ಪಿನ ನಂತರ ನಾನು ಎಣಿಸಲಿಲ್ಲ.

ನನ್ನನ್ನು ಕಾಡಿದ್ದು ಬೇರೆ. ಮನೆಯವರು ತಮ್ಮ ಮಂಚವನ್ನು ನನಗೆ ಬಿಟ್ಟುಕೊಟ್ಟು, ತಾವು ಐವರೂ ಹಜಾರದಲ್ಲಿ ಚಾಪೆ ಹಾಸಿ ಮಲಗಿದರು. ಬೇಡವೆಂದರೆ ನೊಂದುಕೊಳ್ಳುತ್ತಾರೆ, ಹೂಂ ಎಂದರೆ ನಿದ್ದೆ ಬರುವುದಿಲ್ಲ. ಪುಸ್ತಕ ಹಿಡಿದು ದಂಡೆಯಲ್ಲಿ ಒಬ್ಬನೇ ಕೂತರೆ, ಪಾಪ ಬೇಜಾರಾಗಿದ್ದಾನೆ ಎಂದು ಯಾರಾದರೂ ಬಂದು ಪಕ್ಕದಲ್ಲಿ ಕೂರುತ್ತಿದ್ದರು. ನಾಲ್ಕೂ ಕಡೆ ಗೋಡೆಯಿದ್ದ ಆ ಮನೆಯಲ್ಲಿ ನನಗೆ ಏಕಾಂತ ಸಿಗಲೇ ಇಲ್ಲ.

ಫಾಲೆಗೆ ಗೋಡೆಯೇ ಇಲ್ಲ. ಕಂಬಗಳು, ಎತ್ತರಿಸಿದ ನೆಲ, ಮೇಲೊಂದು ಮಾಡು, ಸುತ್ತ ಹಗ್ಗದಿಂದ ಇಳಿಬಿಡುವ ತೆಂಗಿನ ಗರಿಯ ತಟ್ಟಿ. ಒಳಗೆ ಹಾಸಿಗೆ, ಸೊಳ್ಳೆಪರದೆ. ಬೀಗ ಹಾಕಲು ಬಾಗಿಲೇ ಇಲ್ಲವಾದ್ದರಿಂದ ಪಾಸ್‌ಪೋರ್ಟನ್ನು ಮನೆಯೊಡತಿಯ ಕೈಗೆ ಕೊಟ್ಟೆ. ದಾರಿಯಲ್ಲಿ ಹೋಗುವ ಎಲ್ಲರಿಗೂ ನಾನು ಕಾಣುತ್ತಿದ್ದೆ, ಆದರೆ ಕರೆಯದೆ ಒಬ್ಬರೂ ಹತ್ತಿರ ಬರಲಿಲ್ಲ. ಎರಡನೆಯ ರಾತ್ರಿ ಓರೆಮಳೆ ಬಂತು. ನಾನು ತಪ್ಪು ಹಗ್ಗ ಎಳೆದು ಗಾಳಿಯ ಕಡೆಯ ತಟ್ಟಿಯನ್ನೇ ಮೇಲೆತ್ತಿಬಿಟ್ಟೆ! ಅರ್ಧ ಹಾಸಿಗೆ ಒದ್ದೆ. ಹಾಗಿದ್ದೂ ಅಷ್ಟು ಸೊಗಸಾದ ನಿದ್ದೆ ಆ ಪ್ರವಾಸದಲ್ಲಿ ಬೇರೆಲ್ಲೂ ಬರಲಿಲ್ಲ.

ಇದಕ್ಕೆ ತೆತ್ತ ಬೆಲೆಯೂ ಇದೆ. ರಾತ್ರಿಯ ಊಟ, ಬೆಳಗಿನ ತಿಂಡಿ ಬಾಡಿಗೆಯಲ್ಲೇ ಸೇರಿದ್ದವು, ನಿಜ. ಬಡಿಸುತ್ತಿದ್ದದ್ದು ಮಾತ್ರ ಉದ್ದನೆಯ ಮೇಜಿನಲ್ಲಿ, ಉಳಿದ ಪ್ರವಾಸಿಗರ ಜೊತೆ. ಮನೆಯವರು ಉಣ್ಣುತ್ತಿದ್ದದ್ದು ಬೇರೆಡೆ. ಮೂರು ದಿನವಾದರೂ ಆ ಮನೆಯಲ್ಲಿ ಎಷ್ಟು ಮಕ್ಕಳು ಎಂಬುದೇ ಗೊತ್ತಿರಲಿಲ್ಲ.

ಭಾನುವಾರ ಮಾತ್ರ ಎರಡೂ ಊರು ಒಂದೇ ಎನಿಸಿದವು: ಚರ್ಚು, ಹಾಡು, ಬಿಸಿಕಲ್ಲಿನ ಅಡುಗೆ, ನಿದ್ದೆ. ಫಿಜಿಯ ಲೋವೋ ಗುಂಡಿಯೊಳಗೆ ಬೇಯುತ್ತದೆ, ಸಮೋವಾದ ಉಮು ನೆಲದ ಮೇಲೆಯೇ, ಬಾಳೆಎಲೆ ಹೊದ್ದು. ಎಳೆ ಕೆಸುವಿನೆಲೆಯಲ್ಲಿ ತೆಂಗಿನಹಾಲು ಕಟ್ಟಿ ಬೇಯಿಸುವ ಪಲುಸಾಮಿ ಎರಡೂ ಕಡೆ ಉಂಟು. ನನ್ನ ಓಟು ಸಮೋವಾದ ಹೊಗೆವಾಸನೆಯ ಪಲುಸಾಮಿಗೆ. ಸಮೋವಾದಲ್ಲಿ ಸಂಜೆ ಶಂಖ ಊದಿದರೆ ‘ಸಾ’, ಅಂದರೆ ಮನೆಮನೆಯ ಪ್ರಾರ್ಥನೆಯ ಹೊತ್ತು. ಆಗ ರಸ್ತೆಯಲ್ಲಿ ಅಡ್ಡಾಡಬಾರದು. ಆ ಭಾನುವಾರ ಅದೇ ಹೊತ್ತಿಗೆ ಸಿಕ್ಕಿಬಿದ್ದ ನನ್ನನ್ನು ಮನೆಯೊಡತಿ ತನ್ನ ಮನೆಯೊಳಗೆ ಕರೆದು ಕೂರಿಸಿಕೊಂಡಳು. ಮಕ್ಕಳು ಆರು ಎಂದು ಆಗ ಗೊತ್ತಾಯಿತು.

ಸೊಳ್ಳೆಯ ವಿಷಯ: ಎರಡೂ ದೇಶಗಳಲ್ಲಿ ಮಲೇರಿಯಾ ಇಲ್ಲ, ಡೆಂಗಿ ಇದೆ. ಅದರ ಸೊಳ್ಳೆ ಹಗಲು ಕಚ್ಚುತ್ತದೆ, ರಾತ್ರಿಯ ಪರದೆ ಸಾಲದು. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ. ಗೋಡೆಯಿಲ್ಲದ ಫಾಲೆಗೆ ಆಗ ನಾನಂತೂ ಹೋಗೆ.

ಹೊಸಬರು ಕೇಳಿದರೆ ಹಳ್ಳಿಮನೆಯನ್ನೇ ಹೇಳುತ್ತೇನೆ, ಆದರೆ ಮೂರು ರಾತ್ರಿ ಸಾಕು. ಎರಡನ್ನೂ ನೋಡುವವರು ಫಿಜಿಯಿಂದಲೇ ಶುರು ಮಾಡಿ. ಐದು ದಿನ ಒಬ್ಬನೇ ಕೂರಲು ಬಿಡದವರ ನಡುವೆ ಇದ್ದು ಬಂದವನಿಗೆ, ಫಾಲೆಯ ಮೊದಲ ಸಂಜೆ ಯಾರೂ ಮಾತಾಡಿಸದೆ ಕಡಲು ನೋಡುತ್ತ ಕೂತದ್ದು ಎಷ್ಟು ಹಿತವಾಗಿತ್ತೆಂದರೆ, ಎರಡನೆಯ ಸಂಜೆಗೆ ಆ ಅಜ್ಜಿ ಎಲ್ಲಿ ಎಂದು ಹುಡುಕುವಂತಾಯಿತು.