ಎಚ್‌ಎಂಟಿ ಪೈಲಟ್: ಹತ್ತು ವರ್ಷ ದಿನಾ ಕೀ ಕೊಟ್ಟ ಮೇಲಿನ ಲೆಕ್ಕ

ಈ ವಾಚನ್ನು ಹಾಳು ಮಾಡುವುದು ವಯಸ್ಸಿಗಿಂತ ಹೆಚ್ಚಾಗಿ ಅರೆಬರೆ ರಿಪೇರಿ. ಒಳಗಿರುವ 0231 ಯಂತ್ರ ಜಪಾನಿನ ಸಿಟಿಜನ್ ವಿನ್ಯಾಸದ್ದು. 17 ಜ್ಯುವೆಲ್ (ಸವೆತ ತಡೆಯುವ ಪುಟ್ಟ ಕಲ್ಲುಗಳು), ಗಂಟೆಗೆ 18,000 ಬಡಿತ, ಅಂದರೆ ಸೆಕೆಂಡಿಗೆ ಐದು. ಕೈಯಾಡಿದಂತೆ ತಾನೇ ಕೀ ತುಂಬಿಕೊಳ್ಳುವ ಆಟೊಮ್ಯಾಟಿಕ್ ಅಲ್ಲ, ಕೈಯಲ್ಲೇ ಕೀ ಕೊಡಬೇಕು. ತುಮಕೂರಿನಲ್ಲಿ 1978ರಲ್ಲಿ ಶುರುವಾದ ಎಚ್‌ಎಂಟಿ ವಾಚ್ ಕಾರ್ಖಾನೆ ಮುಚ್ಚಿ, ಆ ಜಾಗ ಈಗ ಇಸ್ರೊ ಪಾಲಾಗಿದೆ. ಆದರೂ ಮಂಡಿಪೇಟೆ, ಎಂ.ಜಿ. ರಸ್ತೆ ಕಡೆಯ ಹಳೇ ರಿಪೇರಿಯವರ ಮುಂದೆ ಇದನ್ನಿಟ್ಟರೆ ‘ಏನ್ ಕಂಪ್ಲೇಂಟು?’ ಅಂತ ಕೇಳುತ್ತಾರೆಯೇ ಹೊರತು ‘ಇದು ಯಾವ ವಾಚು?’ ಅಂತ ಯಾರೂ ಕೇಳುವುದಿಲ್ಲ.

ಬೆಳಿಗ್ಗೆ ಒಂದೇ ಹೊತ್ತಿಗೆ, ಕೈಯಿಂದ ಬಿಚ್ಚಿಟ್ಟು ಕೀ ಕೊಡಿ. ಕಟ್ಟಿಕೊಂಡೇ ತಿರುಗಿಸಿದರೆ ಸ್ಟೆಮ್ ಮೇಲೆ, ಅಂದರೆ ಕೀಯಿಂದ ಒಳಗೆ ಹೋಗುವ ಸಣ್ಣ ಕಡ್ಡಿಯ ಮೇಲೆ, ಓರೆ ಒತ್ತಡ ಬಿದ್ದು ಅದು ಕೂರುವ ತೂತು ಸವೆಯುತ್ತದೆ. ಸುಮಾರು 25ರಿಂದ 30 ಸುತ್ತಿಗೆ ಬಿಗಿಯಾಗಿ ನಿಲ್ಲುತ್ತದೆ, ಅಲ್ಲಿಗೆ ಬಿಡಿ. ನಿಲ್ಲದೆ ತಿರುಗುತ್ತಲೇ ಇದ್ದರೆ ವಾಚಿಗೆ ಶಕ್ತಿ ಕೊಡುವ ಮೇನ್ ಸ್ಪ್ರಿಂಗ್ ತುಂಡಾಗಿದೆ, ಇಲ್ಲವೇ ಅದರ ಕೊಕ್ಕೆ ಜಾರಿದೆ. ಕೈ ಬಿಟ್ಟ ಕೂಡಲೇ ಕೀ ‘ಜರ್’ ಎಂದು ಹಿಂದಕ್ಕೆ ತಿರುಗಿದರೆ, ಕೊಟ್ಟ ಕೀ ಬಿಚ್ಚಿಕೊಳ್ಳದಂತೆ ತಡೆಯುವ ಕ್ಲಿಕ್ಕಿನ ಸ್ಪ್ರಿಂಗ್ ನೋಡಬೇಕು. ಅದು ಚಿಕ್ಕ ಕೆಲಸ.

ದಿನಕ್ಕೆ 20 ಸೆಕೆಂಡ್ ಆಚೀಚೆ ಆದರೆ ಗೊಣಗಬೇಡಿ. ದಿನದ 4,32,000 ಬಡಿತದಲ್ಲಿ ತಪ್ಪಿದ್ದು ನೂರು. ಒಮ್ಮೆಲೇ ದಿನಕ್ಕೆ ಐದು, ಹತ್ತು ನಿಮಿಷ ಮುಂದೆ ಓಡಿದರೆ ಮಾತು ಬೇರೆ. ಆಗ ಮೊದಲು ಅನುಮಾನಿಸಬೇಕಾದ್ದು ಅಯಸ್ಕಾಂತವನ್ನು. ಸ್ಪೀಕರ್, ಮೊಬೈಲ್ ಕವರಿನ ಮ್ಯಾಗ್ನೆಟ್, ಟ್ಯಾಬ್ಲೆಟ್ ಕವರು ಇವೇ ಸಾಕು. ಬಡಿತದ ವೇಗ ನಿರ್ಧರಿಸುವ ಕೂದಲೆಳೆಯಂಥ ಹೇರ್ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿ, ಸ್ಪ್ರಿಂಗ್ ಗಿಡ್ಡವಾದಂತೆ ವರ್ತಿಸುತ್ತದೆ. ವಾಚನ್ನು ದಿಕ್ಸೂಚಿಯ ಹತ್ತಿರ ಹಿಡಿದಾಗ ಮುಳ್ಳು ಜೋರಾಗಿ ಅಲುಗಾಡಿದರೆ ಕಾಂತ ತೆಗೆಯುವ ಡಿಮ್ಯಾಗ್ನೆಟೈಸರ್ ಬೇಕು. ಅದರ ಮೇಲಿಟ್ಟು ಬಟನ್ ಒತ್ತಿ, ಒತ್ತಿಕೊಂಡೇ ಒಂದು ಮಾರು ದೂರ ನಿಧಾನವಾಗಿ ಎಳೆಯಿರಿ, ಆಮೇಲೆ ಬಟನ್ ಬಿಡಿ. ಹತ್ತಿರವಿದ್ದಾಗಲೇ ಬಿಟ್ಟರೆ ಕಾಂತ ಇನ್ನೂ ಹೆಚ್ಚಾಗಿ ಕೂರುತ್ತದೆ. ಇಷ್ಟಾದರೂ ಸರಿಹೋಗದಿದ್ದರೆ ಹೇರ್ ಸ್ಪ್ರಿಂಗಿಗೆ ಎಣ್ಣೆ ತಗುಲಿರಬಹುದು.

ಅಲ್ಲಿಗೆ ಎಣ್ಣೆ ಹೋಗುವುದು ಹೇಗೆ? ‘ಆಯ್ಲಿಂಗ್’ ಹೆಸರಿನಲ್ಲಿ ನಡೆಯುವ ಅವಾಂತರದಿಂದ. ಯಂತ್ರವನ್ನು ಪೂರ್ತಿ ಬಿಚ್ಚದೆ ಪೆಟ್ರೋಲಿನಲ್ಲಿ ಅದ್ದಿ, ಊದಿ, ಕಂಡಕಂಡಲ್ಲಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು ಮುಚ್ಚುವುದು. ವಾಚು ಹದಿನೈದು ದಿನ ಚೆನ್ನಾಗಿ ಓಡುತ್ತದೆ. ಆಮೇಲೆ ಕರಗಿದ ಹಳೇ ಜಿಡ್ಡು ಪಿವಟ್‌ಗಳ (ಚಕ್ರಗಳ ಅಚ್ಚಿನ ತುದಿಗಳ) ಸುತ್ತ ಮತ್ತೆ ಗಟ್ಟಿಯಾಗುತ್ತದೆ. ಸರಿಯಾದ ಸರ್ವಿಸ್ ಎಂದರೆ ಮೇನ್ ಸ್ಪ್ರಿಂಗ್ ಇರುವ ಡಬ್ಬಿ, ಅಂದರೆ ಬ್ಯಾರೆಲ್‌ನ ಮುಚ್ಚಳವನ್ನೂ ತೆಗೆಯಬೇಕು. ಹೊರಬಂದ ಮೇನ್ ಸ್ಪ್ರಿಂಗ್ ಎಸ್ ಅಕ್ಷರದ ಹಾಗೆ ಹಿಂದಕ್ಕೆ ಬಾಗಿ ಬಿಚ್ಚಿಕೊಂಡರೆ ಅದರಲ್ಲಿ ಜೀವ ಇದೆ; ಸುರುಳಿಯಾಗಿಯೇ ಮುದುಡಿ ಬಿದ್ದರೆ ಬದಲಿಸಿ. ಹಿಂದೆ ಮುಂದೆ ಆಡುವ ಬ್ಯಾಲೆನ್ಸ್ ಚಕ್ರದಂಥ ಚುರುಕಿನ ಪಿವಟ್‌ಗಳಿಗೆ ಮೋಬಿಯಸ್ ಎಂಬ ವಾಚಿನ ಎಣ್ಣೆಯ 9010, ನಿಧಾನದ ಭಾರದ ಕಡೆಗೆ ಅದೇ ಮೋಬಿಯಸ್‌ನ ಡಿ5, ಟಿಕ್ ಟಿಕ್ ಬಡಿಯುವ ಪ್ಯಾಲೆಟ್ ಫೋರ್ಕಿನ ಕಲ್ಲುಗಳ ಮುಖಕ್ಕೆ 9415. ಜ್ಯುವೆಲಿನ ಬಟ್ಟಲಲ್ಲಿ ಅರ್ಧ ತುಂಬಿದರೆ ಸಾಕು. ಪ್ಯಾಲೆಟ್ ಫೋರ್ಕಿನ ಪಿವಟ್‌ಗೆ ಎಣ್ಣೆ ಬೇಡ, ಹೇರ್ ಸ್ಪ್ರಿಂಗಿಗಂತೂ ಬೇಡವೇ ಬೇಡ. ಕೆಲಸ ಹೇಗಾಯಿತು ಎಂದು ತಿಳಿಯಲು ಬಡಿತ ಅಳೆಯುವ ಟೈಮ್‌ಗ್ರಾಫರ್ ಮೇಲಿಡಿಸಿ. ಪೂರ್ತಿ ಕೀ ಕೊಟ್ಟು ಡಯಲ್ ಮೇಲಾಗಿ ಇಟ್ಟಾಗ ಆಂಪ್ಲಿಟ್ಯೂಡ್ (ಬ್ಯಾಲೆನ್ಸ್ ಚಕ್ರದ ತೂಗಾಟ) 250 ಡಿಗ್ರಿ ದಾಟಿದರೆ ಒಪ್ಪಬಹುದು; 200ರ ಕೆಳಗಿದ್ದರೆ ತೊಳೆದದ್ದು ಹೊರಗಿನ ಕೇಸ್ ಮಾತ್ರ ಅಂದುಕೊಳ್ಳಿ.

ಟಿಕ್ ಟಿಕ್ ಸರಿಯಾಗಿದ್ದು, ಸೆಕೆಂಡಿನ ಮುಳ್ಳೂ ಓಡುತ್ತಿದ್ದು, ನಿಮಿಷದ ಮುಳ್ಳು ಮಾತ್ರ ಹಿಂದುಳಿದರೆ ಆ ಮುಳ್ಳು ಕೂರುವ ಪುಟ್ಟ ಕೊಳವೆ, ಅಂದರೆ ಕ್ಯಾನನ್ ಪಿನಿಯನ್, ಸಡಿಲವಾಗಿದೆ. ವೇಗ ಹೊಂದಿಸುವ ರೆಗ್ಯುಲೇಟರ್ ಎಷ್ಟು ಸರಿಸಿದರೂ ಪ್ರಯೋಜನವಿಲ್ಲ. ಪಿನಿಯನ್ನನ್ನೇ ಹದವಾಗಿ ಬಿಗಿ ಮಾಡಿ ಸ್ವಲ್ಪ ಗ್ರೀಸ್ ಹಚ್ಚಬೇಕು. ಇದನ್ನು ‘ಸ್ಲೋ’ ಎಂದುಕೊಂಡು ಇಡೀ ಓವರಾಲಿಂಗ್‌ಗೆ ದುಡ್ಡು ತೆತ್ತವರು ಕಡಿಮೆಯಿಲ್ಲ.

ಸ್ಟೆಮ್ ಎಳೆಯುವಾಗ ಕೈಗೇ ಬಂದರೆ, ಅದನ್ನು ಹಿಡಿದಿಡುವ ಸೆಟ್ ಲಿವರ್‌ನ ಸ್ಕ್ರೂ ಸಡಿಲ. ಹಿಂದಿನ ಮುಚ್ಚಳ ತೆಗೆದು ಬಿಗಿ ಮಾಡಿದರೆ ಮುಗಿಯಿತು. ಬೇಕೆಂದೇ ಸ್ಟೆಮ್ ತೆಗೆಯುವಾಗ ಆ ಸ್ಕ್ರೂವನ್ನು ಒಂದು ಸುತ್ತಿಗಿಂತ ಹೆಚ್ಚು ಬಿಚ್ಚಬೇಡಿ. ಲಿವರ್ ಡಯಲ್ ಕೆಳಗೆ ಬಿದ್ದರೆ ಮುಳ್ಳು, ಡಯಲ್ ಎಲ್ಲ ಕೀಳಬೇಕಾಗುತ್ತದೆ.

ಇದರ ಪಕ್ಕದಲ್ಲಿ ಸ್ವಿಸ್ ಐಷಾರಾಮಿ ವಾಚುಗಳನ್ನಿಟ್ಟು ನೋಡಿದರೆ ನಿಖರತೆಯಲ್ಲಿ ಹೋಲಿಕೆಯೇ ಇಲ್ಲ. ರೋಲೆಕ್ಸ್ ದಿನಕ್ಕೆ 2 ಸೆಕೆಂಡಿನ ಆಚೀಚೆ ಎನ್ನುತ್ತದೆ, ಸರ್ವಿಸ್ ಸುಮಾರು ಹತ್ತು ವರ್ಷಕ್ಕೊಮ್ಮೆ. ಆದರೆ ಕೆಡುವ ಕಾರಣಗಳು ಅವೇ: ಒಣಗಿದ ಎಣ್ಣೆ, ಕಾಂತ, ನೀರು. ಆಟೊಮ್ಯಾಟಿಕ್‌ನಲ್ಲಿ ಇನ್ನೊಂದು ಸೇರುತ್ತದೆ. ಸ್ವಿಸ್ ಕಂಪನಿ ಇಟಿಎಯ 2824ರಂಥ ಯಂತ್ರಕ್ಕೆ ಕೈಯಲ್ಲಿ ಕೀ ಕೊಡುವಾಗ ರೋಟರ್ (ಕೈಯಾಡಿದಂತೆ ತಿರುಗಿ ಕೀ ತುಂಬುವ ತೂಕ) ಗಿರಗಿರ ತಿರುಗಿದರೆ, ಅದರ ತಿರುಗಾಟವನ್ನು ಕೀ ಆಗಿಸುವ ರಿವರ್ಸರ್ ಚಕ್ರಗಳು ಅಂಟಿಕೊಂಡಿವೆ; ತಕ್ಷಣ ಕೀ ಕೊಡುವುದನ್ನು ನಿಲ್ಲಿಸಿ. ಅಂಥ ವಾಚಿನ ಬಿಡಿಭಾಗ ಊರಿನ ರಿಪೇರಿಯವರ ಕೈಗೆ ಸುಲಭವಾಗಿ ಸಿಗದು, ಬೆಂಗಳೂರಿಗೆ ಹೋಗಿ ವಾರಗಟ್ಟಲೆ ಕಾಯಬೇಕು. ಪೈಲಟ್‌ಗಾದರೆ ಇನ್ನೊಂದು ಕೆಟ್ಟ 0231ರ ಭಾಗವೇ ಔಷಧಿ.

ಪೈಲಟ್‌ನ ದೊಡ್ಡ ಕೊರತೆ ನೀರು ತಡೆಯದಿರುವುದು. ಬೆವರಿನ ಕೈ, ಮಳೆ ಯಾವುದಕ್ಕೂ ಇದು ಆಗದು. ಗ್ಲಾಸಿನ ಒಳಗೆ ಮಂಜು ಕಂಡರೆ ಅಕ್ಕಿ ಡಬ್ಬಿಯಲ್ಲಿಟ್ಟು ಕೂರದೆ ಅವತ್ತೇ ಬಿಚ್ಚಿಸಿ; ಸ್ಟೆಮ್‌ಗೆ ತುಕ್ಕು ಹತ್ತಲು ಹೆಚ್ಚು ದಿನ ಬೇಕಿಲ್ಲ. ಕ್ರೋಮ್ ಲೇಪದ ಕೇಸ್ ಆದರೆ ಪಟ್ಟಿ ಸಿಕ್ಕಿಸುವ ಕಿವಿಗಳ ಹತ್ತಿರ ಹಿತ್ತಾಳೆ ಇಣುಕುತ್ತದೆ, ಅದಕ್ಕೆ ಮದ್ದಿಲ್ಲ.

ಈಗ ಕೊಳ್ಳುವವರು ಡಯಲ್ಲಿನ ಹೊಳಪಿಗೆ ಮರುಳಾಗಬೇಡಿ. ಅಚ್ಚುಕಟ್ಟಾದ ಕೆಂಪು, ಕಿತ್ತಳೆ, ಗಿಳಿಹಸಿರು ಡಯಲ್ ಕಂಡರೆ ಅದು ಹಳೆಯದಕ್ಕೆ ಮತ್ತೆ ಬಣ್ಣ ಬಳಿದದ್ದು ಎಂದೇ ಹಿಡಿಯಿರಿ. ಮುಚ್ಚಳ ತೆಗೆಸಿ, ಯಂತ್ರದ ಮೇಲೆ 0231 ಇದೆಯೇ, ಸ್ಕ್ರೂಗಳ ತಲೆ ಕಿತ್ತುಹೋಗಿದೆಯೇ ನೋಡಿ. ಗ್ಲಾಸ್ ಮೇಲಿನ ಗೀರಿಗೆ ಬೆಲೆ ಇಳಿಸಿ ಕೇಳಿ. ಅದು ಅಕ್ರಿಲಿಕ್, ಹತ್ತು ನಿಮಿಷ ಟೂತ್‌ಪೇಸ್ಟ್ ಹಾಕಿ ಬಟ್ಟೆಯಲ್ಲಿ ಉಜ್ಜಿದರೆ ಸಣ್ಣ ಗೀರು ಹೋಗುತ್ತದೆ, ಅದನ್ನು ಮಾರುವವನಿಗೆ ಹೇಳಬೇಕಿಲ್ಲ.